ಫರಸಿಯ ಗೆರೆ

ವಾಡಿಯ ಸಣ್ಣ ದವಾಖಾನೆಯೊಂದರ ಕಂಪೌಂಡರ್ ಚಂದ್ರಾಮಪ್ಪನಷ್ಟು ಅಂಜುಬುರುಕ ಸುತ್ತ ಹತ್ತೂರಲ್ಲಿ ಸಿಗಲಾರ. ಕಾಸ್ಟಿಕ್ ಸೋಡಾ ನುಂಗಿ ಅನ್ನನಾಳ ಸುಟ್ಟುಕೊಂಡ ಮಕ್ಕಳಿಗೆ ಡಾಕ್ಟರು ರಬ್ಬರ್ ನಳಿಗೆ ಇಳಿಸಿ ಕುಗ್ಗಿದ ದಾರಿ ಹಿಗ್ಗಿಸುತ್ತಾರೆ. ಆ ನಳಿಗೆಯನ್ನು ಈತ ಮೂರು ಸಲ ಕುದಿಸಿ, ನಾಲ್ಕನೆಯ ಸಲಕ್ಕೂ ಒಲೆ ಊದುತ್ತಾನೆ. ಮಗು ಹಾಲಲ್ಲಿ ನೆನೆಸಿದ ರೊಟ್ಟಿ ನುಂಗಿತೆಂದು ತಾಯಿ ಹಿಗ್ಗಿದರೆ ಸಿಡುಕುತ್ತಾನೆ: "ಗಂಟಲೇನ್ ನೋಡ್ತೀರಿ, ಕಾಲ್ ನೋಡ್ರಿ! ಹದಿನೈದು ದಿನ ತಪ್ಪದೆ ಕರ್ಕೊಂಡ್ ಬರ್ರಿ." ಬಂದ ಮಗುವನ್ನು ನೆಲಕ್ಕೆ ಹಾಸಿದ ಫರಸಿಕಲ್ಲುಗಳ ಸಂದಿನ ಗೆರೆಯ ಮೇಲೆ ನಡೆಸಿ, ತಾನು ಉಸಿರು ಬಿಗಿಹಿಡಿಯುತ್ತಾನೆ. "ನಳಿಗೆ ಗೀರಿದ ಗಂಟಲಿನ ಕೀವು ಮಿದುಳಿಗೇರಿ ನಡಿಗೆ ತಪ್ಪೋದು ಭಾಳ ಅಪರೂಪ, ಚಂದ್ರಾಮಪ್ಪ," ಎಂದು ಡಾಕ್ಟರು ನಗುತ್ತಾರೆ. ಅವರು ಹೈದರಾಬಾದಿನಿಂದ ಹೊಸದಾಗಿ ಬಂದವರು. ತನ್ನ ತೀರಿಹೋದ ಮಗಳು ನೀಲಾ, ಹೀಗೇ ನಳಿಗೆ ಇಳಿಸಿಕೊಂಡು ರೊಟ್ಟಿ ನುಂಗಿದ ಒಂಬತ್ತನೆಯ ದಿನ, ಇದೇ ಗೆರೆಯ ಮೇಲೆ ಎಡಕ್ಕೆ ವಾಲುತ್ತ ಬಂದಾಗ, ಆಟವೆಂದು ಚಪ್ಪಾಳೆ ತಟ್ಟಿ ನಕ್ಕಿದ್ದವನು ಚಂದ್ರಾಮಪ್ಪನೇ.