ಬರಲಿರುವ ಪ್ರೊಸೆಸರಿಗಾಗಿ ಕಾದ ನೀರು

ಬೆಳಗಿನ ಬಸ್ಸಿಗೆ ಬೀದರ ಬಿಟ್ಟಾಗ ನನ್ನ ತಲೆ ಬಿಸಿಲಿಗಿಂತ ಮೊದಲೇ ಕಾದಿತ್ತು. ಔರಾದ ಕಡೆಯ ಹಳ್ಳಿಗಳಿಗೆ ಟ್ಯಾಂಕರ್ ಕಳಿಸುವ ಖಾಸಗಿ ಗುತ್ತಿಗೆ ನಮ್ಮ ಮಾಲೀಕರದು. ಹಳ್ಳಿಗಳ ಬೇಡಿಕೆ ಬಂದು ಸೇರುವ, ಔರಾದ ಕಚೇರಿಯ ಸರ್ವರ್ ನೋಡಿಕೊಳ್ಳುವವನು ನಾನು. ಬರ ಹೆಚ್ಚಿದಂತೆ ಆ ಹಳೆಯ ಯಂತ್ರ ದಿನವೂ ಕೈಕೊಡುತ್ತಿತ್ತು. ಬದಲಿಸೋಣವೆಂದರೆ ಮಾಲೀಕರದು ಒಂದೇ ಮಾತು: ಹೊಸ ತಲೆಮಾರಿನ ಪ್ರೊಸೆಸರ್ ಬರಲಿ. ಅದನ್ನು ಮಾಡುವವರು ಯುಗಾದಿಗೆ ಎಂದಿದ್ದರು, ಆಮೇಲೆ ದೀಪಾವಳಿಗೆ ಎಂದರು, ಈಗ ಮುಂದಿನ ವರ್ಷವಂತೆ.

ಭಾಲ್ಕಿಯಲ್ಲಿ ಇಳಿದು ಮಾಲೀಕರ ಕಂಪ್ಯೂಟರ್ ವ್ಯಾಪಾರದ ಗೋದಾಮಿಗೆ ಹೋದೆ. ಗಿರಾಕಿಯೊಬ್ಬರು ಬೇಡವೆಂದು ಬಿಟ್ಟ ಸರ್ವರೊಂದು ಅಲ್ಲಿ ಡಬ್ಬಿಯಲ್ಲೇ ಧೂಳು ತಿನ್ನುತ್ತಿತ್ತು. ಮಾಲೀಕರಿಗೆ ಫೋನ್ ಮಾಡಿದೆ.

“ಗೋದಾಮಿನ ಸರ್ವರದಾಗ ಈಗಿನ ಪ್ರೊಸೆಸರ್ ಐತ್ರಿ, ನಮ್ಮ ಕೆಲಸಕ್ಕ ಸಾಕು. ಹಾಕಲೇನ್ರಿ?”

“ಬ್ಯಾಡ. ಹೊಸಾದು ಬಂದ ಮ್ಯಾಲ ಮತ್ತ ಬಿಚ್ಚಬೇಕಾಗ್ತದ. ಸ್ವಲ್ಪ ತಡಿ, ಸಬರ್ ಮಾಡು.”

ಫೋನ್ ಇಟ್ಟು ಡಬ್ಬಿ ಎತ್ತಿಕೊಂಡೆ.

ಕಮಲನಗರದ ಮೇಲೆ ಹೋಗುವ ಬಸ್ಸಿನಲ್ಲಿ ಪಕ್ಕಕ್ಕೆ ಎಕಂಬಾ ಹಳ್ಳಿಯ ಲಲಿತಾಬಾಯಿ ಕೂತಿದ್ದರು, ನನ್ನ ಕೆಲಸ ಬಲ್ಲವರು. ಕುರಿಗಳನ್ನು ಭಾಲ್ಕಿಯ ತಮ್ಮನ ಹತ್ತಿರ ಬಿಟ್ಟು ಬರುತ್ತಿದ್ದರು.

“ನಾಳಿ ಊರು ಬಿಟ್ಟು ಪುಣೆಕ್ಕ ಹೋಗ್ತೇವ್ರಿ. ನೀರಿಗಿ ಫೋನ್ ಮಾಡಿ ಮಾಡಿ ಸಾಕಾತು. ಮಷಿನ್ ನಿಂತದ ಅಂತಾರ. ಹೊಸಾ ಮಷಿನ್ ಯಾವಾಗ ಬರ್ತದ್ರಿ?”

ಡಬ್ಬಿ ನನ್ನ ಕಾಲಬಳಿಯೇ ಇತ್ತು. ಅದನ್ನು ಸೀಟಿನ ಕೆಳಗೆ ಸರಿಸಿದೆ.

ಔರಾದದಲ್ಲಿ ರೊಟ್ಟಿ, ಪುಂಡಿಪಲ್ಯ ತಿಂದು ಕೆಲಸಕ್ಕೆ ಕೂತೆ. ಸಂಜೆಗೆ ಡಬ್ಬಿಯಲ್ಲಿದ್ದ ಸರ್ವರ್ ಓಡತೊಡಗಿತು. ಸಿಕ್ಕಿಬಿದ್ದಿದ್ದ ಬೇಡಿಕೆಗಳೆಲ್ಲ ಒಮ್ಮೆಗೇ ತೆರೆದವು. ಅವುಗಳಲ್ಲಿ ಎಕಂಬಾದ್ದೂ ಇತ್ತು. ಮರುದಿನ ಬೆಳಿಗ್ಗೆ ಮೊದಲ ಟ್ಯಾಂಕರ್ ಹತ್ತಿ ನಾನೇ ಅಲ್ಲಿಗೆ ಹೋದೆ.

ಓಣಿಯ ಬಹಳಷ್ಟು ಮನೆಗಳಿಗೆ ಬೀಗ ಬಿದ್ದಿತ್ತು. ಲಲಿತಾಬಾಯಿಯ ಮನೆಯವರು ಹಾಸಿಗೆ, ಪಾತ್ರೆ ಕಟ್ಟಿ ಟೆಂಪೋಕ್ಕೆ ಏರಿಸುತ್ತಿದ್ದರು. ಆಕೆ ಬಂದು ಟ್ಯಾಂಕರಿನ ನಲ್ಲಿಗೆ ಕೈಯೊಡ್ಡಿ ಮುಖ ತೊಳೆದುಕೊಂಡರು, ದಾರಿಗೆಂದು ಒಂದು ಕ್ಯಾನ್ ತುಂಬಿಕೊಂಡರು.

“ಹೋದ ವಾರ ಬಂದಿದ್ರ ಇರ್ತಿದ್ದೆವ್ರಿ,” ಎಂದರು. ದನಿಯಲ್ಲಿ ಸಿಟ್ಟೂ ಇರಲಿಲ್ಲ. ಟೆಂಪೋ ಹೊರಟಿತು.

ಅಷ್ಟರಲ್ಲಿ ಮಾಲೀಕರ ಫೋನ್ ಬಂತು. “ಯಾರನ್ನ ಕೇಳಿ ಹಾಕಿದಿ? ಬಿಚ್ಚಿ ವಾಪಸ್ ತಗೊಂಡ್ ಬಾ.”

“ಮೊದಲ ನೀವು ಎಕಂಬಾಕ್ಕ ಬರ್ರಿ. ಕೀಲಿ ಹಾಕಿದ ಮನಿಗಳ ಮುಂದ ನಿಂತು ಈ ಮಾತು ಹೇಳ್ರಿ. ಆಮ್ಯಾಲ ಬಿಚ್ಚತೇನಿ.”

ಅವರು ಏನೋ ಕೂಗುತ್ತಿದ್ದರು. ಫೋನ್ ಬಂದ್ ಮಾಡಿದೆ.

ಮಧ್ಯಾಹ್ನ ಬೀದರಿಗೆ ಹೊರಟ ಬಸ್ಸಿನ ಕಿಟಕಿಯಿಂದ ಊರ ಕಡೆ ತಿರುಗಿ ನೋಡಿದೆ. ಟ್ಯಾಂಕರ್ ಅಲ್ಲೇ ನಿಂತಿತ್ತು. ತುಂಬಿಕೊಳ್ಳುವವರಿಲ್ಲದೆ ಇನ್ನೂ ಖಾಲಿಯಾಗಿರಲಿಲ್ಲ.