ಜೋಡೆತ್ತಿನಲ್ಲಿ ಉಳಿದವಳು

ಆ ಇಬ್ಬರಿಗೆ ಬೀದಿಯವರು ಇಟ್ಟ ಹೆಸರು ಜೋಡೆತ್ತು. ಟೇಲರಮ್ಮ ಬಟ್ಟೆ ಹೊಲಿಯುತ್ತಿದ್ದಳು. ಡ್ರೈವರಮ್ಮ ಹೆಂಗಸರಿಗೆ ಕಾರು ಕಲಿಸಿ, ಸಂಜೆ ಬಂದು ಅಂಗಡಿಯಲ್ಲಿ ಕೂರುತ್ತಿದ್ದಳು. ಅಂಗಡಿಯ ಮೇಲಿನ ಕೋಣೆಯಲ್ಲಿ ಇಬ್ಬರದೂ ಒಂದೇ ಸಂಸಾರ. ಯಾರಾದರೂ ಕೆದಕಿದರೆ ಡ್ರೈವರಮ್ಮ, “ಬಾಡಿಗೆ ಹಂಚ್ಕೊಂಡಿದ್ದೀವಿ, ಗೊರಕೇನೂ” ಎಂದು ನಗಿಸಿ ಸಾಗಹಾಕುತ್ತಿದ್ದಳು.

ಹೆಣ್ಣನ್ನು ಪ್ರೀತಿಸುವ ಹೆಣ್ಣುಗಳ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿದ್ದ ಹುಡುಗಿ ಕ್ಯಾಮೆರಾ ಹಿಡಿದು ಬಂದಾಗ ಟೇಲರಮ್ಮ ಹೌಹಾರಿದಳು.

“ಗಿರಾಕಿಗಳು ಏನಂದಾರು?”

“ಅನ್ನೋರ ಬಾಯಿಗೆ ಬೀಗ ಹಾಕೋಕಾಗುತ್ತಾ?” ಎಂದಳು ಡ್ರೈವರಮ್ಮ. “ನನ್ನ ಮುಖ ತೆಗಿಯಮ್ಮ, ಅವಳ ಬೆನ್ನು ತೆಗಿ.”

ಚಿತ್ರ ಮುಗಿಯುವ ಮೊದಲೇ ಡ್ರೈವರಮ್ಮ ಕುಸಿದು ಬಿದ್ದಳು. ಆಸ್ಪತ್ರೆಯಲ್ಲಿ ನರ್ಸ್, “ನೀವು ಏನಾಗ್ಬೇಕು?” ಎಂದು ಕೇಳಿದಾಗ ಟೇಲರಮ್ಮ, “ಬಾಡಿಗೆ ಹಂಚ್ಕೊಂಡಿದ್ದೀವಿ” ಎಂದಳು. ಬೆಳಗಾಗುವಷ್ಟರಲ್ಲಿ ಡ್ರೈವರಮ್ಮ ತೀರಿಕೊಂಡಳು. ಅವಳ ಅಣ್ಣ ಬಂದು ಹೆಣ ಒಯ್ದ. ಎಲ್ಲಿಗೆಂದು ಟೇಲರಮ್ಮನಿಗೆ ಯಾರೂ ಹೇಳಲಿಲ್ಲ.

ಕೆಲವು ವಾರಗಳ ಮೇಲೆ ಹುಡುಗಿ ತಾನು ತೆಗೆದದ್ದನ್ನು ತೋರಿಸಿದಳು. ಟೇಲರಮ್ಮ ಗೋಡೆಗೆ ಮುಖ ಮಾಡಿ ಹೊಲಿಯುತ್ತಿದ್ದಾಳೆ. ಹಿಂದೆ ಕೂತ ಡ್ರೈವರಮ್ಮ ಎವೆಯಿಕ್ಕದೆ ಅವಳ ಕತ್ತನ್ನೇ ನೋಡುತ್ತಿದ್ದಾಳೆ. ಇಷ್ಟು ವರ್ಷ ಆ ನೋಟ ತನ್ನ ಬೆನ್ನ ಹಿಂದೆಯೇ ಇತ್ತು.

“ಒಂದ್ಸಲ ಕರೀಬಾರ್ದಿತ್ತೇನೇ, ತಿರುಗ್ತಿದ್ದೆ” ಎಂದು ಟೇಲರಮ್ಮ ಬಿಕ್ಕಿದಳು.

ಅಣ್ಣನ ಕಿವಿಗೂ ಚಿತ್ರದ ಸುದ್ದಿ ಬಿತ್ತು. “ತಂಗಿ ಮುಖ ಎಲ್ಲಾದ್ರೂ ಕಂಡ್ರೆ ಕೋರ್ಟಿಗೆ ಎಳೀತೀನಿ” ಎಂದು ಹುಡುಗಿಗೆ ಫೋನ್ ಮಾಡಿ ಕೂಗಾಡಿದ. ಹುಡುಗಿ ಆ ದೃಶ್ಯ ಕಿತ್ತುಹಾಕಲು ಹೊರಟಾಗ ಟೇಲರಮ್ಮ ತಡೆದಳು.

“ಕೀಳ್ಬೇಡ, ಕಪ್ಪು ಮಾಡು. ಮಿಷನ್ ಸದ್ದು ಇರ್ಲಿ. ಅವಳು ಹೇಗೆ ನೋಡ್ತಿದ್ಲು ಅಂತ ನಾನು ಹೇಳ್ತೀನಿ. ಆಮೇಲೆ ನನ್ನ ಮುಖ ತೋರ್ಸು.”

ಪ್ರದರ್ಶನದ ದಿನ ಪುಟ್ಟ ಸಭಾಂಗಣದಲ್ಲಿ ಪರದೆ ಕಪ್ಪಾಯಿತು. ಹೊಲಿಗೆಯ ಸದ್ದಿನ ನಡುವೆ ಅವಳ ದನಿ: “ಈಗ ಗಲ್ಲಕ್ಕೆ ಕೈ ಕೊಟ್ಳು. ನನ್ನ ಕತ್ತಿನ ಮೇಲೊಂದು ಮಚ್ಚೆ ಇದೆ, ಅದನ್ನೇ ನೋಡ್ತಿದ್ದಾಳೆ. ತುಟಿ ಕಚ್ಕೊಂಡ್ಳು, ಕಳ್ಳಿ.” ಆಮೇಲೆ ಪರದೆಯ ತುಂಬ ಟೇಲರಮ್ಮನ ಮುಖ ಬಂತು.

ಮರುದಿನದಿಂದ ಕೆಲವು ಗಿರಾಕಿಗಳು ಹೊಲಿಯದ ಬಟ್ಟೆ ವಾಪಸು ಒಯ್ದರು. ಅದೇ ವಾರ ಸೆರಗನ್ನು ಬಿಗಿಯಾಗಿ ಹೊದ್ದ ಹೆಂಗಸೊಬ್ಬಳು ಬಂದಳು, ಅಣ್ಣನ ಹೆಂಡತಿ.

“ಪಿಕ್ಚರ್ ನೋಡ್ದೆ, ಅಕ್ಕ. ನಮ್ಮನೆಗೆ ಬಂದಾಗೆಲ್ಲ ನಾದಿನಿ ಗಡಿಯಾರ ನೋಡ್ತಾ ಕೂತಿರೋರು. ಎಲ್ಲಿಗೆ ಓಡೋ ಅವಸರ ಅಂತ ಈಗ ತಿಳೀತು.” ಬಾಗಿಲ ಕಡೆ ಒಮ್ಮೆ ನೋಡಿ, “ಮಣ್ಣು ಮಾಡಿದ ಜಾಗ ತೋರಿಸ್ತೀನಿ, ಬನ್ನಿ. ಇವರು ಊರಲ್ಲಿಲ್ಲ” ಎಂದಳು.

ಬಸ್ಸಿಳಿದು ಇಬ್ಬರೂ ಸ್ಮಶಾನಕ್ಕೆ ನಡೆದರು. ಗುಡ್ಡೆಯ ಮಣ್ಣು ಆಗಲೇ ಕುಸಿದಿತ್ತು. ಟೇಲರಮ್ಮ ಪಕ್ಕದಲ್ಲಿ ಕೂತು ಹುಲ್ಲು ಕಿತ್ತಳು, ಮಣ್ಣನ್ನು ಅಂಗೈಯಿಂದ ಒತ್ತಿದಳು. ಗಂಡನ ಪರವಾಗಿ ಕ್ಷಮೆ ಕೇಳಬೇಕೋ ತನ್ನ ಪರವಾಗಿಯೋ ತಿಳಿಯದೆ ಆ ಹೆಂಗಸು ದೂರದಲ್ಲಿ ಬೆನ್ನು ತಿರುಗಿಸಿ ನಿಂತಳು, ಟೇಲರಮ್ಮ ಗಟ್ಟಿಯಾಗಿ ಅಳಲಿ ಎಂದು.