ಖಾಲಿ ಎಂದಿದ್ದ ಹಾಳೆ

ಆ ಹಾಳೆ ಖಾಲಿ ಇರಲಿಲ್ಲ. ಆರು ವರ್ಷದ ಹಿಂದೆ ನಮ್ಮ ಬರಹಗಾರರ ಬಳಗದ ಕೂಟದಲ್ಲಿ, ನಿಮ್ಮೆಲ್ಲರ ಎದುರು, ನಾನು ಸುಳ್ಳು ಹೇಳಿದೆ.

ಅಂದು ಬೆಳಿಗ್ಗೆ ಎಲ್ಲವೂ ಎಂದಿನಂತೆಯೇ ಇತ್ತು. ಹೊನ್ನವಳ್ಳಿಯಿಂದ ತಿಪಟೂರಿಗೆ ಬೈಕು ಹತ್ತುವಾಗ ನನ್ನ ಹೆಂಡತಿ ರತ್ನ, “ಅಂಗಡಿ ಬೀಗ ಹಾಕಿದ್ರಾ, ಇಲ್ಲಾ ಕತೆ ಯೋಚಿಸ್ಕೊಂಡು ಬಂದ್ಬುಟ್ರಾ?” ಎಂದು ರೇಗಿಸಿದಳು. ನಾವು ಹಗುರವಾಗಿ ಮಾತಾಡಿಕೊಂಡ ಕೊನೆಯ ದಿನ ಅದು.

ಕೂಟದ ಪದ್ಧತಿ ನಿಮಗೆ ಗೊತ್ತು, ಹೊಸಬರಿಗಾಗಿ ಬರೆಯುತ್ತೇನೆ. ಒಂದು ವಿಷಯ ಕೊಡುತ್ತಾರೆ. ಅರ್ಧ ಗಂಟೆ ಕೂತು ಎಲ್ಲರೂ ಬರೆಯಬೇಕು, ಹೆಸರು ಹಾಕುವಂತಿಲ್ಲ. ಹಾಳೆಗಳನ್ನು ಮಡಿಸಿ ಬಿದಿರು ಪುಟ್ಟಿಗೆ ಹಾಕಿದ ಮೇಲೆ ಒಬ್ಬರದನ್ನು ಇನ್ನೊಬ್ಬರು ಎತ್ತಿ ಗಟ್ಟಿಯಾಗಿ ಓದುತ್ತಾರೆ. ತಾನು ಹೇಳಲಾಗದ್ದನ್ನು ಬೇರೆಯವರ ಬಾಯಿಂದ ಒಂದು ಸಲ ಕೇಳಿಸಿಕೊಳ್ಳಬಹುದು ಎಂದೇ ರತ್ನ ಬರುತ್ತಿದ್ದಳೇನೋ—ನನಗೆ ಹೊಳೆದದ್ದು ಈಗ.

ಅಂದಿನ ವಿಷಯ ‘ಮನೆಯಲ್ಲಿ ಆಡದ ಮಾತು’. ನನ್ನ ಕೈಗೆ ಬಂದದ್ದು ಅವಳದೇ ಹಾಳೆ. ಅಂಗಡಿಗೆ ಸಾಮಾನಿನ ಪಟ್ಟಿ ಬರೆಯುತ್ತಿದ್ದ ಅದೇ ದುಂಡನೆಯ ಅಕ್ಷರ. ಎರಡೂ ಬದಿ ತುಂಬಿತ್ತು.

‘ನನ್ನ ಮಗಳು ಒಂಬತ್ತು ದಿನ ಬದುಕಿದ್ದಳು. ನಾಮಕರಣಕ್ಕೆ ಮೊದಲೇ ಹೋದಳು. ಹೆಸರಿಲ್ಲದ ಕೂಸು ಎಂದು ಮನೆಯವರು ಮಣ್ಣು ಮಾಡಿ ಬಂದರು. ಹೆಸರಿತ್ತು. ಹಾಲು ಕೊಡುವಾಗ ನಾನು ಅವಳ ಕಿವಿಯಲ್ಲಿ ಕರೆಯುತ್ತಿದ್ದೆ—’

ಅಲ್ಲಿಗೇ ಕಣ್ಣು ತೆಗೆದೆ. ಆ ಮಗುವಿನ ಮಾತು ಎತ್ತಕೂಡದೆಂದು ಅವಳ ಬಾಯಿ ಮುಚ್ಚಿಸಿದ್ದವನು ನಾನೇ. ಓದಿದ್ದರೆ ಅವಳಿಗೇ ನೋವಾಗುತ್ತಿತ್ತು—ಅಲ್ಲ, ಅದು ನೆಪ. ನನಗೆ ಸಿಟ್ಟು ಬಂದಿತ್ತು. ಮನೆಯ ಮಾತನ್ನು ಸಭೆಗೆ ತಂದಳಲ್ಲ ಎಂಬ ಸಿಟ್ಟು.

“ಖಾಲಿ ಹಾಳೆ ಕಣ್ರೀ. ಏನೂ ಬರ್ದಿಲ್ಲ,” ಎಂದು ಮಡಿಸಿ ಜೇಬಿಗಿಟ್ಟೆ.

“ಯಾರೋ ನನ್ನಂಗೆ ಬೋಂಡ ತಿನ್ನಕ್ಕೆ ಬಂದೋರು ಬುಡಿ,” ಎಂದರು ಕೊಬ್ಬರಿ ವ್ಯಾಪಾರದ ಬಸಣ್ಣ. ಎಲ್ಲರೂ ನಕ್ಕರು. ಎದುರು ಸಾಲಿನಲ್ಲಿ ರತ್ನ ನನ್ನನ್ನೇ ನೋಡುತ್ತಿದ್ದಳು.

ದಾರಿಯಲ್ಲಿ ಒಂದೇ ಮಾತು ಆಡಿದಳು. “ಖಾಲಿ ಅಂದ್ರಲ್ಲ ನೀವು. ಆಯ್ತು ಬುಡಿ.”

ಸಂಜೆ ಬಚ್ಚಲ ಒಲೆ ಹಚ್ಚುವಾಗ ಆ ಹಾಳೆಯನ್ನು ಕಾಯಿಚಿಪ್ಪಿನ ಕೆಳಗಿಟ್ಟು ಬೆಂಕಿ ಕೊಟ್ಟೆ. ಮುಂದಿನದನ್ನು ಓದಲೂ ಇಲ್ಲ.

ಅವಳು ಮತ್ತೆ ಕೂಟಕ್ಕೆ ಬರಲಿಲ್ಲ, ಬರೆಯಲಿಲ್ಲ. ನೀವು ಕೇಳಿದಾಗಲೆಲ್ಲ ಸೊಂಟನೋವು ಎಂದೆ—ಅದೂ ಸುಳ್ಳು. ಹೋದ ಮಾಘದಲ್ಲಿ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದಳು. ಹನ್ನೊಂದು ದಿನ ಪಕ್ಕದಲ್ಲಿ ಕೂತಿದ್ದೆ. ಆ ಹಾಳೆಯಲ್ಲಿ ಮುಂದೇನಿತ್ತೆಂದು ಕೇಳಲು ದಿನವೂ ಬಾಯಿ ತೆರೆಯುತ್ತಿದ್ದೆ—ಎಳನೀರು ಬೇಕಾ ಎಂದು ಕೇಳುತ್ತಿದ್ದೆ. ಹನ್ನೆರಡನೆಯ ದಿನ ಕೇಳಲು ಅವಳಿರಲಿಲ್ಲ.

ಈ ತಿಂಗಳ ಪುಟ್ಟಿಗೆ ಇದನ್ನು ಹಾಕುತ್ತಿದ್ದೇನೆ. ಯಾರ ಕೈಗೆ ಬಂದರೂ ಪೂರ್ತಿ ಓದಿ. ಕ್ಷಮಿಸಬೇಕಾಗಿದ್ದವಳು ಕೇಳಿಸಿಕೊಳ್ಳುವುದಿಲ್ಲ, ಅದು ನನಗೆ ಗೊತ್ತು.

ತೋಟದ ಮೂಲೆಯಲ್ಲಿ, ಕೂಸನ್ನು ಮಲಗಿಸಿದ ಜಾಗದ ಪಕ್ಕದಲ್ಲೇ ಅವಳನ್ನೂ ಮಣ್ಣು ಮಾಡಿದೆವು. ಕಲ್ಲು ಕೆತ್ತುವವನು ಬಂದು, ಇಬ್ಬರ ಹೆಸರೂ ಬರೆದುಕೊಡಿ ಎಂದ. ರತ್ನಳದನ್ನು ಬರೆದುಕೊಟ್ಟೆ. ನನ್ನ ಮಗಳ ಹೆಸರು ನನಗೆ ಗೊತ್ತಿಲ್ಲ.